ಓದುಗರ ಪ್ರಶ್ನೆ: ಮಹಾನಗರದ ಪ್ರವಾಸಕ್ಕೆ ಯಾವ ರೈಲು ಪಾಸ್?

ಪ್ರವಾಸದ ಕುರಿತು ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳಿವೆ: ಪರದೇಶದ ದೊಡ್ಡ ನಗರವೊಂದರಲ್ಲಿ ಕೆಲವೇ ದಿನ ಇರುವವರು ಅಲ್ಲಿನ ಮೆಟ್ರೊ ಮತ್ತು ನಗರ ರೈಲುಗಳಿಗೆ ಯಾವ ಪಾಸ್ ಕೊಳ್ಳಬೇಕು? ಪ್ಯಾರಿಸ್, ಲಂಡನ್, ಟೋಕಿಯೊ ಮತ್ತು ನ್ಯೂಯಾರ್ಕ್ ಕುರಿತ ಪತ್ರಗಳನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಬೇರೆ ವರ್ಷವನ್ನು ಹೆಸರಿಸದ ಕಡೆ ಕೊಟ್ಟಿರುವ ದರಗಳೆಲ್ಲ 2025ರವು. ಪ್ಯಾರಿಸ್‌ನಲ್ಲಿ ಜನವರಿಯಲ್ಲೂ ಲಂಡನ್‌ನಲ್ಲಿ ಮಾರ್ಚ್‌ನಲ್ಲೂ ದರ ಪರಿಷ್ಕರಿಸುವುದು ರೂಢಿಯಾದ್ದರಿಂದ, ಲೆಕ್ಕ ಹಾಕುವ ಕ್ರಮವನ್ನು ಇಲ್ಲಿಂದ ತೆಗೆದುಕೊಂಡು, ಅಂಕಿಗಳನ್ನು ಹೊರಡುವ ಮುನ್ನ ಅಧಿಕೃತ ಮೂಲದಿಂದ ತುಂಬಿಕೊಳ್ಳಬೇಕಾಗಿ ವಿನಂತಿ.

ಪ್ರಶ್ನೆ: ನಾನು, ನನ್ನ ಪತ್ನಿ ಮತ್ತು ಎಂಟು ವರ್ಷದ ಮಗಳು ಒಂದು ಗುರುವಾರ ಮಧ್ಯಾಹ್ನ ಪ್ಯಾರಿಸ್‌ನ ಷಾರ್ಲ್ ದ ಗೋಲ್ ವಿಮಾನ ನಿಲ್ದಾಣದಲ್ಲಿ ಇಳಿದು, ಮುಂದಿನ ಮಂಗಳವಾರ ಬೆಳಿಗ್ಗೆ ಅಲ್ಲಿಂದಲೇ ಹಿಂದಿರುಗುವವರಿದ್ದೇವೆ. ನಡುವೆ ಒಂದು ದಿನ ವರ್ಸಾಯ್ ಅರಮನೆಗೆ ಹೋಗುವ ಆಸೆಯೂ ಇದೆ. ಪ್ರವಾಸ ಸಂಸ್ಥೆಯವರು ಐದು ದಿನಗಳ ‘ಪ್ಯಾರಿಸ್ ವಿಜಿತ್’ ಪಾಸ್ ಕೊಂಡುಬಿಡಿ ಎನ್ನುತ್ತಿದ್ದಾರೆ. ಅಲ್ಲಿ ಕೆಲಕಾಲ ಇದ್ದು ಬಂದ ನೆಂಟರೊಬ್ಬರು ವಾರದ ‘ನವಿಗೋ’ ಸಾಕು ಎನ್ನುತ್ತಾರೆ. ಯಾರ ಮಾತು ಕೇಳುವುದು?

ಉತ್ತರ: ನೆಂಟರ ಮಾತು ಬಹುಪಾಲು ಸರಿ, ಆದರೆ ಅವರು ವಾರ ಎಂದದ್ದು ಯಾವ ವಾರವೆಂಬುದನ್ನು ನಿಮಗೆ ಬಿಡಿಸಿ ಹೇಳಿದಂತಿಲ್ಲ. ನವಿಗೋ ವಾರದ ಪಾಸ್ ಕೊಂಡ ದಿನದಿಂದ ಏಳು ದಿನ ನಡೆಯುವಂಥದ್ದಲ್ಲ. ಅದು ಸೋಮವಾರ ಆರಂಭವಾಗಿ ಭಾನುವಾರ ಮಧ್ಯರಾತ್ರಿಗೆ ಮುಗಿಯುತ್ತದೆ. ಬುಧವಾರ ಕೊಂಡರೂ ಆ ಭಾನುವಾರಕ್ಕೇ ಮುಗಿಯುತ್ತದೆ, ದುಡ್ಡು ಮಾತ್ರ ಪೂರ್ತಿ ವಾರದ್ದೇ ಕೊಡಬೇಕು. ಇದರ ಜೊತೆಗೆ ಇನ್ನೊಂದು ಷರತ್ತಿದೆ: ನಡೆಯುತ್ತಿರುವ ವಾರದ ಪಾಸನ್ನು ಗುರುವಾರದವರೆಗೆ ಮಾತ್ರ ಮಾರುತ್ತಾರೆ, ಶುಕ್ರವಾರ ಕೇಳಿದರೆ ಸಿಗುವುದು ಬರುವ ಸೋಮವಾರದಿಂದ ಚಾಲ್ತಿಗೆ ಬರುವ ಪಾಸ್. ನೀವು ಗುರುವಾರವೇ ಇಳಿಯುತ್ತಿರುವುದರಿಂದ, ಆ ವಾರದ ಪಾಸ್ ಸಿಗುವ ಕೊನೆಯ ದಿನ ನಿಮ್ಮ ಕೈಯಲ್ಲಿದೆ.

ಹಾಗಾದರೆ ನಾಲ್ಕೇ ದಿನಕ್ಕೆ ವಾರದ ಪಾಸ್ ಕೊಳ್ಳುವುದು ಲಾಭವೇ? ವಿಮಾನ ನಿಲ್ದಾಣದ ಪ್ರಯಾಣವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಲಾಭವೇ. 2025ರ ಜನವರಿ 1ರಿಂದ ಪ್ಯಾರಿಸ್ ಪ್ರದೇಶದಲ್ಲಿ ಬಿಡಿ ಟಿಕೆಟ್‌ಗಳಿಗೆ ಹಳೆಯ ವಲಯವಾರು ದರ ಹೋಗಿ ಸರಳ ದರ ಬಂತು. ಮೆಟ್ರೊ, ಉಪನಗರ ರೈಲು ಮತ್ತು ಆರ್‌ಇಆರ್ ಎನ್ನುವ ವೇಗದ ನಗರ ರೈಲುಗಳಿಗೆ, ಎಷ್ಟು ದೂರವಾದರೂ, ಒಂದು ಟಿಕೆಟ್‌ಗೆ 2.50 ಯೂರೋ. ಬಸ್ಸು ಮತ್ತು ಟ್ರಾಮ್‌ಗೆ 2 ಯೂರೋ. ವಿಮಾನ ನಿಲ್ದಾಣಕ್ಕೆ ಮಾತ್ರ ಪ್ರತ್ಯೇಕ ಟಿಕೆಟ್, ಅದಕ್ಕೆ 13 ಯೂರೋ. ವಾರದ ನವಿಗೋಗೆ 31.60 ಯೂರೋ ಆದರೂ ವಿಮಾನ ನಿಲ್ದಾಣದ ಆರ್‌ಇಆರ್ ಬಿ ರೈಲು, ವರ್ಸಾಯ್‌ಗೆ ಹೋಗುವ ಆರ್‌ಇಆರ್ ಸಿ ರೈಲು ಎರಡೂ ಅದರೊಳಗೇ ಬರುತ್ತವೆ. ಮೊದಲ ಬಾರಿಗೆ ಕೊಳ್ಳುವವರು ಅದನ್ನು ತುಂಬಿಸಿಕೊಳ್ಳಲು 5 ಯೂರೋ ಬೆಲೆಯ ‘ನವಿಗೋ ದೆಕೂವೆರ್ತ್’ ಎಂಬ ಕಾರ್ಡನ್ನೂ ಕೊಳ್ಳಬೇಕಾಗುತ್ತದೆ.

ಈಗ ದೊಡ್ಡವರೊಬ್ಬರ ಲೆಕ್ಕ ನೋಡೋಣ. ಗುರುವಾರ ವಿಮಾನ ನಿಲ್ದಾಣದಿಂದ ಹೋಟೆಲಿಗೆ ಬಂದು ಸಂಜೆ ಒಂದು ಸಲ ಮೆಟ್ರೊ ಹತ್ತುತ್ತೀರಿ, ಶುಕ್ರವಾರದಿಂದ ಭಾನುವಾರದವರೆಗೆ ದಿನಕ್ಕೆ ನಾಲ್ಕು ಸಲ ಹತ್ತುತ್ತೀರಿ ಎಂದುಕೊಂಡರೆ, ಬಿಡಿ ಟಿಕೆಟ್‌ಗಳಲ್ಲಿ 13 ಮತ್ತು 32.50 ಸೇರಿ 45.50 ಯೂರೋ ಆಗುತ್ತದೆ. ಇದೇ ಓಡಾಟಕ್ಕೆ ಪಾಸ್ ಮತ್ತು ಕಾರ್ಡ್ ಸೇರಿ 36.60 ಯೂರೋ. ಸೋಮವಾರ ಮತ್ತು ಮಂಗಳವಾರಕ್ಕೆಂದು ಮತ್ತೊಂದು ವಾರದ ಪಾಸ್ ಕೊಳ್ಳುವುದು ದುಂದು. ಆ ಎರಡು ದಿನಕ್ಕೆ ನಾಲ್ಕು ಬಿಡಿ ಟಿಕೆಟ್‌ಗಳ 10 ಯೂರೋ, ವಿಮಾನ ನಿಲ್ದಾಣದ 13 ಯೂರೋ, ಬಿಡಿ ಟಿಕೆಟ್‌ಗಳನ್ನು ತುಂಬಿಸಿಕೊಳ್ಳುವ ‘ನವಿಗೋ ಈಝಿ’ ಕಾರ್ಡಿನ 2 ಯೂರೋ ಸೇರಿ 25 ಯೂರೋ ಸಾಕು. ಒಟ್ಟು 61.60 ಯೂರೋ ಆಯಿತು. ಇಡೀ ಪ್ರವಾಸವನ್ನು ಬಿಡಿ ಟಿಕೆಟ್‌ಗಳಲ್ಲೇ ಮುಗಿಸಿದ್ದರೆ ಕಾರ್ಡ್ ಸೇರಿ 70.50, ಎರಡು ವಾರದ ಪಾಸ್ ಕೊಂಡಿದ್ದರೆ 68.20 ಆಗುತ್ತಿತ್ತು.

ಮಗಳಿಗೆ ಮಾತ್ರ ಪಾಸ್ ಬೇಡ. ನಾಲ್ಕು ವರ್ಷ ತುಂಬಿ ಹತ್ತು ತುಂಬದ ಮಕ್ಕಳಿಗೆ ಬಿಡಿ ಟಿಕೆಟ್‌ಗಳು ಅರ್ಧ ದರದಲ್ಲಿ ಸಿಗುತ್ತವೆ, ವಾರದ ಪಾಸಿಗೆ ಆ ರಿಯಾಯಿತಿ ಇಲ್ಲ. ನಿಮ್ಮ ಜೊತೆಗೇ ಅಷ್ಟೂ ಓಡಾಡಿದರೂ ಅವಳಿಗೆ ಇಡೀ ಪ್ರವಾಸಕ್ಕೆ ಕಾರ್ಡ್ ಸೇರಿ 36.25 ಯೂರೋ ಸಾಕಾಗುತ್ತದೆ. ಕುಟುಂಬದವರೆಲ್ಲರೂ ಒಂದೇ ಬಗೆಯ ಪಾಸ್ ಕೊಳ್ಳಬೇಕೆಂಬ ಹಟ ಪ್ರವಾಸಿಗರಲ್ಲಿ ಏಕೆ ಬಂದಿದೆಯೋ ತಿಳಿಯದು. ಗೇಟಿನಲ್ಲಿ ಒಬ್ಬೊಬ್ಬರಿಗೂ ಅವರವರದೇ ಕಾರ್ಡ್ ಬೇಕಾಗಿರುವಾಗ ಒಬ್ಬರದು ಒಂದು ಬಗೆ, ಇನ್ನೊಬ್ಬರದು ಮತ್ತೊಂದು ಬಗೆಯಾದರೆ ಏನೂ ತೊಂದರೆಯಿಲ್ಲ.

ಪ್ರವಾಸ ಸಂಸ್ಥೆಯವರು ಹೇಳಿದ ಪ್ಯಾರಿಸ್ ವಿಜಿತ್ ಪಾಸಿನಲ್ಲಿ ಎರಡು ಅನುಕೂಲಗಳಿವೆ, ಅದನ್ನು ಅಲ್ಲಗಳೆಯಲಾಗದು: ಅದು ಯಾವ ದಿನ ಬೇಕಾದರೂ ಆರಂಭವಾಗುತ್ತದೆ, ಭಾವಚಿತ್ರದ ರಗಳೆಯಿಲ್ಲ. ಆದರೆ ಐದು ದಿನದ ಪಾಸಿನ ಬೆಲೆ ವಾರದ ನವಿಗೋ ಬೆಲೆಯ ಎರಡರಷ್ಟಕ್ಕಿಂತಲೂ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಗುರುವಾರ ಅದನ್ನು ಬಳಸಲು ಆರಂಭಿಸಿದರೆ ಐದನೆಯ ದಿನ ಸೋಮವಾರಕ್ಕೆ ಮುಗಿದುಹೋಗುತ್ತದೆ. ನೀವು ವಿಮಾನ ಹತ್ತಲು ಹೊರಡುವ ಮಂಗಳವಾರ ಆರನೆಯ ದಿನ. ಅಷ್ಟು ಹಣ ತೆತ್ತ ಮೇಲೂ ಹಿಂದಿರುಗುವಾಗ ಮತ್ತೆ 13 ಯೂರೋ ಟಿಕೆಟ್ ಕೊಳ್ಳಬೇಕಾಗುತ್ತದೆ ಎಂಬುದನ್ನು ಅವರು ಹೇಳಿರಲಾರರು.

ಭಾವಚಿತ್ರದ ವಿಷಯ ಬಂದುದರಿಂದ ಅದನ್ನೂ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಬಹಳ ಮಂದಿ ಎಡವುವುದು ಅಲ್ಲೇ. ದೆಕೂವೆರ್ತ್ ಕಾರ್ಡಿಗೆ 25 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಎತ್ತರದ ಚಿತ್ರ ಬೇಕು. ಅದು ಸಾಮಾನ್ಯ ಪಾಸ್‌ಪೋರ್ಟ್ ಚಿತ್ರಕ್ಕಿಂತ ಚಿಕ್ಕದು. ಮನೆಯಲ್ಲೇ ಅಳತೆ ಹಿಡಿದು ಕತ್ತರಿಸಿ, ಪಾಸ್‌ಪೋರ್ಟಿನೊಳಗೆ ಒಂದು ಲಕೋಟೆಯಲ್ಲಿ ಇಟ್ಟುಕೊಂಡರೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕಾರ್ಡ್ ಕೈಗೆ ಬಂದ ಕೂಡಲೇ ಅಂಟಿಸಿ, ಹೆಸರು ಬರೆದುಬಿಡಬಹುದು. ಆಮೇಲೆ ಹೋಟೆಲಿನಲ್ಲಿ ಅಂಟಿಸಿದರಾಯಿತೆಂದು ಖಾಲಿ ಕಾರ್ಡ್ ಹಿಡಿದು ರೈಲು ಹತ್ತಿದರೆ, ಪಾಸಿಗೆ ಹಣ ಕೊಟ್ಟಿದ್ದರೂ ತಪಾಸಣೆಯವರು ದಂಡ ಹಾಕುತ್ತಾರೆ. ಚಿತ್ರವಿಲ್ಲದ, ಹೆಸರಿಲ್ಲದ ಕಾರ್ಡ್ ಅವರ ಕಣ್ಣಿಗೆ ಊರ್ಜಿತವಾದ ಕಾರ್ಡೇ ಅಲ್ಲ. ಕೊನೆಯದಾಗಿ, ವಿಮಾನ ತಡವಾಗಿ ಇಳಿಯುವುದು ಮಧ್ಯರಾತ್ರಿ ದಾಟಿದರೆ ಆ ವಾರದ ಪಾಸ್ ಕೈತಪ್ಪಿತೆಂದೇ ಲೆಕ್ಕ. ಆಗ ಮೇಲೆ ಹೇಳಿದ ಬಿಡಿ ಟಿಕೆಟ್‌ಗಳ ದಾರಿಯೇ ಗತಿ, ಅದರಿಂದ ಆಗುವ ಹೆಚ್ಚುವರಿ ಖರ್ಚೂ ಅಂಥ ದೊಡ್ಡದಲ್ಲ.

ಪ್ರಶ್ನೆ: ನಾವಿಬ್ಬರು ಗೆಳತಿಯರು ಶನಿವಾರ ಪ್ಯಾರಿಸ್ ತಲುಪಿ ಮಂಗಳವಾರ ಹೊರಡುತ್ತೇವೆ. ದಿನದ ಪಾಸ್ ಇದೆಯಂತೆ. ನಾಲ್ಕೂ ದಿನ ಅದನ್ನೇ ಕೊಂಡರೆ ಆಗದೇ?

ಉತ್ತರ: ಆಗುತ್ತದೆ, ಆದರೆ ಬೇಕಾಗಿಲ್ಲ. ದಿನದ ನವಿಗೋಗೆ 12 ಯೂರೋ. ಬಿಡಿ ಟಿಕೆಟ್‌ಗಳ ಲೆಕ್ಕದಲ್ಲಿ ನಾಲ್ಕು ಪ್ರಯಾಣಕ್ಕೆ 10 ಯೂರೋ, ಐದಕ್ಕೆ 12.50. ಅಂದರೆ ದಿನಕ್ಕೆ ಐದು ಸಲ ರೈಲು ಹತ್ತಿದರೆ ಮಾತ್ರ ದಿನದ ಪಾಸ್ ಗಿಟ್ಟುತ್ತದೆ. ಪ್ಯಾರಿಸ್‌ನ ನಡುಭಾಗದಲ್ಲಿ ಒಂದು ಮೆಟ್ರೊ ನಿಲ್ದಾಣದಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದಾದಷ್ಟು ಹತ್ತಿರವಿರುವಾಗ, ನೋಡಲು ಹೋದವರು ದಿನಕ್ಕೆ ಐದು ಸಲ ನೆಲದಡಿಗೆ ಇಳಿದು ಹತ್ತುವುದು ಅಪರೂಪ. ಈ ಪಾಸ್ ವಿಮಾನ ನಿಲ್ದಾಣಕ್ಕೆ ಸಲ್ಲುವುದಿಲ್ಲ, ಮತ್ತು 24 ಗಂಟೆಯ ಲೆಕ್ಕವೂ ಇಲ್ಲ: ಸಂಜೆ ಆರಕ್ಕೆ ಆರಂಭಿಸಿದರೂ ಅದೇ ಮಧ್ಯರಾತ್ರಿಗೆ ಮುಗಿಯುತ್ತದೆ. ಆದ್ದರಿಂದ ಶನಿವಾರಕ್ಕೂ ಮಂಗಳವಾರಕ್ಕೂ ಅದರಿಂದ ಪ್ರಯೋಜನವಿಲ್ಲ.

ನಿಮ್ಮ ಪ್ರವಾಸ ವಾರದ ಗಡಿಯ ಆಚೆಗೂ ಈಚೆಗೂ ಎರಡೆರಡು ದಿನ ಚಾಚಿರುವುದರಿಂದ ವಾರದ ಪಾಸೂ ನಿಮಗಲ್ಲ. ಬಿಡಿ ಟಿಕೆಟ್‌ಗಳೇ ಸರಿ. ಒಂದು ಟಿಕೆಟ್‌ನಲ್ಲಿ ಮೆಟ್ರೊದಿಂದ ಆರ್‌ಇಆರ್‌ಗೆ ಎರಡು ಗಂಟೆಯೊಳಗೆ ಬದಲಾಯಿಸಿಕೊಳ್ಳಬಹುದು. ಆದರೆ ಮೆಟ್ರೊದಿಂದ ಇಳಿದು ಬಸ್ಸು ಹತ್ತಿದರೆ ಅದಕ್ಕೆ ಬೇರೆಯೇ ಟಿಕೆಟ್ ಎಂಬುದು ನೆನಪಿರಲಿ.

ಪ್ರಶ್ನೆ: ನಾವು ನಿವೃತ್ತ ದಂಪತಿ, ಇಬ್ಬರಿಗೂ ಅರವತ್ತೈದು ದಾಟಿದೆ. ಬುಧವಾರದಿಂದ ಮುಂದಿನ ಮಂಗಳವಾರದವರೆಗೆ ಲಂಡನ್‌ನಲ್ಲಿ ಇರುತ್ತೇವೆ. ಅಲ್ಲಿ ಹಿರಿಯರಿಗೆ ಉಚಿತ ಪ್ರಯಾಣ ಉಂಟೆಂದು ಕೇಳಿದ್ದೇವೆ. ಮಗ ಮಾತ್ರ, ಯಾವ ಪಾಸೂ ಬೇಡ, ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿ ಹೋಗಿ ಎನ್ನುತ್ತಾನೆ. ನಮಗೆ ಧೈರ್ಯ ಸಾಲದು.

ಉತ್ತರ: ಉಚಿತ ಪ್ರಯಾಣ ಇರುವುದು ನಿಜ, ಆದರೆ ಅದು ಲಂಡನ್ನಿನ ನಿವಾಸಿಗಳಿಗೆ ಮಾತ್ರ. ಪ್ರವಾಸಿಗಳಿಗೆ ವಯಸ್ಸಿನ ಆ ರಿಯಾಯಿತಿ ಸಿಗುವುದಿಲ್ಲ, ಆದ್ದರಿಂದ ಆ ಆಸೆಯನ್ನು ಬಿಟ್ಟು ಲೆಕ್ಕ ಹಾಕೋಣ.

ನಿಮ್ಮ ಮಗ ಹೇಳುವ ವ್ಯವಸ್ಥೆ ಅಲ್ಲಿನ ಸುರಂಗ ರೈಲಿನಲ್ಲಿ 2014ರಿಂದ ನಡೆದುಬಂದಿದೆ. ಒಳಹೋಗುವಾಗ ಹಳದಿ ವೃತ್ತವಿರುವ ಯಂತ್ರಕ್ಕೆ ಕಾರ್ಡ್ ತಾಗಿಸುವುದು, ಹೊರಬರುವಾಗ ಮತ್ತೆ ತಾಗಿಸುವುದು, ಅಷ್ಟೇ. ದಿನವಿಡೀ ಮಾಡಿದ ಪ್ರಯಾಣಗಳ ದರವನ್ನು ಕೂಡಿಸುತ್ತಾ ಹೋಗಿ, ಒಂದು ಮಿತಿ ಮುಟ್ಟಿದ ಮೇಲೆ ಅವರಾಗಿಯೇ ಹಣ ಕಡಿತವನ್ನು ನಿಲ್ಲಿಸುತ್ತಾರೆ. ನಗರದ ಒಳಭಾಗವಾದ 1 ಮತ್ತು 2ನೇ ವಲಯಕ್ಕೆ ದಿನದ ಮಿತಿ 8.90 ಪೌಂಡ್, ವಾರದ ಮಿತಿ 44.70 ಪೌಂಡ್. ಇಲ್ಲಿ ದಿನ ಎಂದರೆ ಬೆಳಗಿನ ಜಾವ ನಾಲ್ಕೂವರೆಯಿಂದ ಮರುದಿನ ಅದೇ ಹೊತ್ತಿನವರೆಗೆ. ವಾರ ಎಂದರೆ, ಪ್ಯಾರಿಸ್‌ನಲ್ಲಿರುವಂತೆಯೇ, ಸೋಮವಾರದಿಂದ ಭಾನುವಾರ.

ಈ ವಾರದ ಗಡಿ ನಿಮ್ಮ ಪ್ರವಾಸವನ್ನು ಕೂಡ ಎರಡು ತುಂಡು ಮಾಡುತ್ತದೆ. ಬುಧವಾರದಿಂದ ಭಾನುವಾರದವರೆಗೆ ಐದು ದಿನ, ದಿನದ ಮಿತಿಯಷ್ಟು ಓಡಾಡಿದರೂ 44.50 ಪೌಂಡ್. ವಾರದ ಮಿತಿ ಮುಟ್ಟುವಷ್ಟರಲ್ಲಿ ವಾರವೇ ಮುಗಿಯುತ್ತದೆ. ಸೋಮವಾರ ಲೆಕ್ಕ ಮತ್ತೆ ಸೊನ್ನೆಯಿಂದ ಆರಂಭವಾಗಿ ಎರಡು ದಿನಕ್ಕೆ ಇನ್ನೂ 17.80 ಪೌಂಡ್ ಸೇರಿ ಒಟ್ಟು 62.30 ಆಗುತ್ತದೆ. ಇಂಥ ಸಂದರ್ಭಕ್ಕೆಂದೇ ಏಳು ದಿನದ ಟ್ರಾವೆಲ್‌ಕಾರ್ಡ್ ಎಂಬ ಹಳೆಯ ಪಾಸ್ ಉಳಿದುಕೊಂಡಿದೆ. ಅದರ ಬೆಲೆಯೂ 44.70 ಪೌಂಡೇ ಆದರೂ ಅದು ಯಾವ ದಿನ ಬೇಕಾದರೂ ಆರಂಭವಾಗಿ ಏಳು ದಿನ ನಡೆಯುತ್ತದೆ. ಅದನ್ನು ಆಯ್‌ಸ್ಟರ್ ಎಂಬ ಅಲ್ಲಿನ ಪ್ರಯಾಣದ ಕಾರ್ಡಿಗೆ ತುಂಬಿಸಿಕೊಳ್ಳಬೇಕು, ಆ ಕಾರ್ಡಿಗೆ 2025ರ ಸೆಪ್ಟೆಂಬರ್‌ನಿಂದ 10 ಪೌಂಡ್ ಶುಲ್ಕ. ಎರಡೂ ಸೇರಿ 54.70 ಆಗುವುದರಿಂದ, ದಿನಕ್ಕೆ ನಾಲ್ಕಾರು ಸಲ ಓಡಾಡುವವರಿಗೆ ಆಗಲೂ ಉಳಿತಾಯವೇ.

ಆದರೆ ನೀವು ಹಾಗೆ ಓಡಾಡುವವರೆಂದು ನನಗೆ ತೋರುವುದಿಲ್ಲ. ಬೆಳಿಗ್ಗೆ ಒಂದು ಕಡೆ ಹೋಗಿ ಸಂಜೆ ಹಿಂದಿರುಗುವವರಿಗೆ ದಿನಕ್ಕೆ ಎರಡು ಸುರಂಗ ರೈಲಿನ ಪ್ರಯಾಣ. ನಗರದ ನಡುಭಾಗದಲ್ಲಿ ಒಂದಕ್ಕೆ ಮೂರು ಪೌಂಡಿಗೆ ತುಸು ಕಡಿಮೆ. ಏಳು ದಿನಕ್ಕೂ ಅದು ಟ್ರಾವೆಲ್‌ಕಾರ್ಡಿನ ಬೆಲೆಯನ್ನು ಮುಟ್ಟುವುದಿಲ್ಲ. ಮೇಲಾಗಿ ಅಲ್ಲಿನ ಹಲವು ಹಳೆಯ ನಿಲ್ದಾಣಗಳಲ್ಲಿ ಮೆಟ್ಟಿಲು ಹತ್ತಿಳಿಯುವುದು ತಪ್ಪದು. ಮಂಡಿ ನೋವಿದ್ದವರಿಗೆ ಬಸ್ಸೇ ಹಿತ: 1.75 ಪೌಂಡ್ ಕೊಟ್ಟು ಒಂದು ಬಸ್ಸು ಹತ್ತಿದರೆ, ಅಲ್ಲಿಂದ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಾಯಿಸಿದರೂ ಮತ್ತೆ ಹಣವಿಲ್ಲ. ಬಸ್ಸಿನಲ್ಲಿ ನಗದು ಮಾತ್ರ ತೆಗೆದುಕೊಳ್ಳುವುದಿಲ್ಲ. ಹತ್ತುವಾಗ ಕಾರ್ಡ್ ತಾಗಿಸಿದರೆ ಸಾಕು, ಇಳಿಯುವಾಗ ತಾಗಿಸಬೇಕಾಗಿಲ್ಲ. ಹೀಗಾಗಿ ನಿಮ್ಮ ಮಗನ ಸಲಹೆಯೇ ನಿಮಗೆ ಒಪ್ಪುತ್ತದೆ.

ಧೈರ್ಯದ ಮಾತಿಗೆ ಬಂದರೆ, ಗಮನಿಸಬೇಕಾದದ್ದು ಮೂರೇ ಸಂಗತಿ. ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಇರಬೇಕು, ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲಾಗದು. ಹೊರಡುವ ಮುನ್ನ ಬ್ಯಾಂಕಿನಲ್ಲಿ ವಿದೇಶದ ಬಳಕೆಗೂ ತಾಗಿಸಿ ಪಾವತಿಸುವುದಕ್ಕೂ ಅನುಮತಿ ತೆರೆಸಿರಬೇಕು, ವಿದೇಶಿ ವಹಿವಾಟಿಗೆ ಬ್ಯಾಂಕ್ ಎಷ್ಟು ಶುಲ್ಕ ಹಾಕುತ್ತದೆಂದೂ ಕೇಳಿಕೊಳ್ಳಬೇಕು. ಮೂರನೆಯದು ಸೂಕ್ಷ್ಮವಾದದ್ದು. ಅದೇ ಕಾರ್ಡನ್ನು ಫೋನಿಗೂ ಸೇರಿಸಿಟ್ಟುಕೊಂಡು, ಒಳಹೋಗುವಾಗ ಫೋನನ್ನೂ ಹೊರಬರುವಾಗ ಕಾರ್ಡನ್ನೂ ತಾಗಿಸಿದರೆ, ಯಂತ್ರದ ಲೆಕ್ಕದಲ್ಲಿ ಅವೆರಡೂ ಬೇರೆ ಬೇರೆ ಪ್ರಯಾಣಿಕರು. ಎರಡೂ ಅಪೂರ್ಣ ಪ್ರಯಾಣಗಳೆಂದು ಬಗೆದು ಎರಡಕ್ಕೂ ಗರಿಷ್ಠ ದರ ಕಡಿತವಾಗುತ್ತದೆ, ದಿನದ ಮಿತಿಯೂ ಒಡೆದುಹೋಗುತ್ತದೆ. ಯಾವುದನ್ನು ಬಳಸುತ್ತೀರೋ ಅದನ್ನೇ ಕೊನೆಯ ದಿನದವರೆಗೂ ಬಳಸಬೇಕು.

ಹೀಥ್ರೋ ನಿಲ್ದಾಣ 6ನೇ ವಲಯದಲ್ಲಿದೆ. ಬರುವ ಮತ್ತು ಹೋಗುವ ಎರಡು ಪ್ರಯಾಣಕ್ಕಾಗಿ 6ನೇ ವಲಯದವರೆಗಿನ ವಾರದ ಪಾಸ್ ಕೊಳ್ಳುವವರಿದ್ದಾರೆ. ಅದರ ಅಗತ್ಯವಿಲ್ಲ. ಪಿಕಡಿಲಿ ಮಾರ್ಗದಲ್ಲಿಯೋ ಎಲಿಜಬೆತ್ ಮಾರ್ಗದಲ್ಲಿಯೋ ಅದೇ ಕಾರ್ಡ್ ತಾಗಿಸಿ ಬರಬಹುದು. ಪಿಕಡಿಲಿ ನಿಧಾನ, ಅಗ್ಗ. ಎಲಿಜಬೆತ್ ಬೇಗ ಮುಟ್ಟಿಸುತ್ತದೆ, ದರ ಅದರ ಎರಡರಷ್ಟಕ್ಕೂ ಹೆಚ್ಚು. ಹೀಥ್ರೋ ಎಕ್ಸ್‌ಪ್ರೆಸ್ ಎಂಬ ಇನ್ನೊಂದು ರೈಲು ಈ ಮಿತಿಗಳ ಲೆಕ್ಕಕ್ಕೆ ಸೇರುವುದಿಲ್ಲ.

ಪ್ರಶ್ನೆ: ಎಂಟು ದಿನಗಳ ಜಪಾನ್ ಪ್ರವಾಸದಲ್ಲಿ ಆರು ದಿನ ಟೋಕಿಯೊ, ನಡುವೆ ಎರಡು ದಿನ ಕ್ಯೋಟೊ ನೋಡುವ ಯೋಜನೆ ನಮ್ಮದು. ಜಪಾನಿಗೆ ಹೋಗುವವರು ಜೆಆರ್ (ಜಪಾನ್ ರೈಲ್ವೇಸ್) ಪಾಸ್ ಕೊಳ್ಳದಿದ್ದರೆ ನಷ್ಟ ಎಂದು ಎಲ್ಲರೂ ಹೇಳುತ್ತಾರೆ. ಏಳು ದಿನದ ಪಾಸ್ ಕೊಂಡರೆ ಟೋಕಿಯೊ ಓಡಾಟವೂ ಅದರಲ್ಲೇ ಮುಗಿಯುವುದೇ?

ಉತ್ತರ: ಮುಗಿಯುವುದಿಲ್ಲ, ಮತ್ತು ಆ ಮಾತು ಈಗ ಹಳೆಯದಾಗಿದೆ. 2023ರ ಅಕ್ಟೋಬರ್‌ಗೆ ಮೊದಲು ಏಳು ದಿನದ ಸಾಮಾನ್ಯ ದರ್ಜೆಯ ಜೆಆರ್ ಪಾಸಿಗೆ 29,650 ಯೆನ್ ಇತ್ತು. ಟೋಕಿಯೊದಿಂದ ಕ್ಯೋಟೊಗೆ ಶಿಂಕಾನ್ಸೆನ್ ಎಂಬ ಅತಿವೇಗದ ರೈಲಿನಲ್ಲಿ ಒಮ್ಮೆ ಹೋಗಿಬಂದರೆ ಹೆಚ್ಚುಕಡಿಮೆ ಆ ಹಣ ಹೊರಡುತ್ತಿತ್ತು. ಆ ಅಕ್ಟೋಬರ್‌ನಲ್ಲಿ ಬೆಲೆ 50,000 ಯೆನ್‌ಗೆ ಏರಿತು. ಹೋಗಿಬರುವ ಶಿಂಕಾನ್ಸೆನ್ ಟಿಕೆಟ್ ಇಂದಿಗೂ ಸುಮಾರು 28,000 ಯೆನ್ ಆಸುಪಾಸಿನಲ್ಲೇ ಇದೆ. ಉಳಿದ 22,000 ಯೆನ್‌ನಷ್ಟು ಓಡಾಟವನ್ನು ಟೋಕಿಯೊ ನಗರದೊಳಗೆ ಆರು ದಿನದಲ್ಲಿ ಮಾಡಿ ಮುಗಿಸಲು ಯಾರಿಂದಲೂ ಆಗದು. ದೂರದ ಮೂರು ನಾಲ್ಕು ಊರುಗಳನ್ನು ಒಂದೇ ವಾರದಲ್ಲಿ ಸುತ್ತುವವರಿಗೆ ಆ ಪಾಸ್ ಇನ್ನೂ ಉಪಯುಕ್ತ, ನಿಮಗಲ್ಲ. ಕ್ಯೋಟೊಗೆ ಬಿಡಿ ಟಿಕೆಟ್ ಕೊಳ್ಳಿರಿ.

ಟೋಕಿಯೊದೊಳಗಿನ ತೊಡಕು ಬೇರೆಯದು. ಅಲ್ಲಿ ರೈಲು ಓಡಿಸುವ ಸಂಸ್ಥೆ ಒಂದಲ್ಲ. ನೆಲದಡಿಯ ಮಾರ್ಗಗಳಲ್ಲಿ ಒಂಬತ್ತು ಟೋಕಿಯೊ ಮೆಟ್ರೊದವು, ನಾಲ್ಕು ತೊಯೆಯಿ ಸಂಸ್ಥೆಯವು. ನಗರದ ನಡುಭಾಗವನ್ನು ಸುತ್ತುವ ಯಮನೊತೆ ಮಾರ್ಗ ಜೆಆರ್‌ನದು, 34.5 ಕಿಲೊಮೀಟರ್ ಉದ್ದದ ಆ ವರ್ತುಲದಲ್ಲಿ 30 ನಿಲ್ದಾಣಗಳಿವೆ. ಇವಲ್ಲದೆ ಖಾಸಗಿ ರೈಲುಗಳು ಹಲವು. ಜೆಆರ್ ಪಾಸ್ ಯಮನೊತೆಗೆ ನಡೆಯುತ್ತದೆ, ಮೆಟ್ರೊಗೆ ನಡೆಯದು. ಪ್ರವಾಸಿಗಳಿಗೆಂದು ಮಾರುವ ‘ಟೋಕಿಯೊ ಸಬ್‌ವೇ ಟಿಕೆಟ್’ ಮೆಟ್ರೊ ಮತ್ತು ತೊಯೆಯಿ ಎರಡಕ್ಕೂ ನಡೆಯುತ್ತದೆ, ಯಮನೊತೆಗೆ ನಡೆಯದು. ಆದ್ದರಿಂದ ಪಾಸ್ ಆರಿಸುವ ಮೊದಲು ನೀವು ಉಳಿದುಕೊಳ್ಳುವ ಹೋಟೆಲಿನ ಹತ್ತಿರದ ನಿಲ್ದಾಣ ಯಾರದೆಂದು ನೋಡುವುದು ಮುಖ್ಯ. ಅಸಕುಸ ಅಥವಾ ಗಿಂಜಾ ಕಡೆ ಇದ್ದರೆ ನೆಲದಡಿಯ ರೈಲೇ ಕಾಲ ಬುಡದಲ್ಲಿರುತ್ತದೆ. ಅಸಕುಸದಿಂದ ಉಎನೊವರೆಗೆ ಓಡುವ ಗಿಂಜಾ ಮಾರ್ಗದ ಭಾಗ 1927ರಲ್ಲಿ ಆರಂಭವಾದದ್ದು, ಏಷ್ಯಾದ ಮೊದಲ ಸುರಂಗ ರೈಲು ಅದೇ.

ಸಬ್‌ವೇ ಟಿಕೆಟ್‌ನ ಹಿರಿಮೆ ಅದರ ಗಂಟೆಯ ಲೆಕ್ಕದಲ್ಲಿದೆ. 24 ಗಂಟೆಗೆ 800 ಯೆನ್, 48ಕ್ಕೆ 1,200, 72ಕ್ಕೆ 1,500. ಮೊದಲ ಗೇಟು ದಾಟಿದ ಕ್ಷಣದಿಂದ ಗಂಟೆ ಎಣಿಸಲಾಗುತ್ತದೆ, ಮಧ್ಯರಾತ್ರಿಗೂ ಅದಕ್ಕೂ ಸಂಬಂಧವಿಲ್ಲ. ಗುರುವಾರ ಮಧ್ಯಾಹ್ನ ಎರಡಕ್ಕೆ ಆರಂಭಿಸಿದ 72 ಗಂಟೆಯ ಟಿಕೆಟ್ ಭಾನುವಾರ ಮಧ್ಯಾಹ್ನ ಎರಡರವರೆಗೆ ಬಾಳುವುದರಿಂದ ನಾಲ್ಕು ದಿನಗಳನ್ನು ಮುಟ್ಟುತ್ತದೆ. ಮೆಟ್ರೊದ ಕನಿಷ್ಠ ದರ 180 ಯೆನ್ ಆಗಿರುವಾಗ ಮೂರು ದಿನದಲ್ಲಿ ಒಂಬತ್ತು ಸಣ್ಣ ಪ್ರಯಾಣ ಮಾಡಿದರೂ ಅದರ ಬೆಲೆ ಹೊರಟುಹೋಗುತ್ತದೆ. ನಾನು ಕಂಡ ನಗರ ಪಾಸ್‌ಗಳಲ್ಲಿ ಪ್ರವಾಸಿಗಳ ಬಗ್ಗೆ ಇಷ್ಟು ಉದಾರವಾದದ್ದು ಕಡಿಮೆ. ನಿಮ್ಮ ಆರು ದಿನ ಕ್ಯೋಟೊದಿಂದಾಗಿ ಎರಡು ಭಾಗವಾಗುವುದರಿಂದ, ಮೊದಲ ಭಾಗಕ್ಕೊಂದು, ಎರಡನೆಯದಕ್ಕೊಂದು ಟಿಕೆಟ್ ಕೊಳ್ಳಬಹುದು. ಕ್ಯೋಟೊದಲ್ಲಿರುವಾಗ ಗಂಟೆ ಓಡುತ್ತಾ ವ್ಯರ್ಥವಾಗದಂತೆ ನೋಡಿಕೊಂಡರಾಯಿತು.

ಇದರ ಜೊತೆಗೆ ಸುಯಿಕಾ ಕಾರ್ಡ್ ಇಟ್ಟುಕೊಳ್ಳುವುದು ಅನಿವಾರ್ಯ ಎಂದೇ ನನ್ನ ಅಭಿಪ್ರಾಯ. ಇದು ಪಾಸ್ ಅಲ್ಲ, ಮುಂಗಡ ಹಣ ತುಂಬಿಸಿಕೊಂಡು ತಾಗಿಸುತ್ತಾ ಹೋಗುವ ಕಾರ್ಡ್. ಇದರಲ್ಲಿ ರಿಯಾಯಿತಿ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಜೆಆರ್, ಮೆಟ್ರೊ, ಖಾಸಗಿ ರೈಲು, ಬಸ್ಸು ಎಲ್ಲಕ್ಕೂ ನಡೆಯುತ್ತದೆ, ಕ್ಯೋಟೊದಲ್ಲೂ ನಡೆಯುತ್ತದೆ. ಪ್ರವಾಸಿಗಳಿಗಾಗಿ ಇರುವ ‘ವೆಲ್‌ಕಮ್ ಸುಯಿಕಾ’ಗೆ ಠೇವಣಿ ಇಲ್ಲ, 28 ದಿನ ಬಾಳುತ್ತದೆ, ಉಳಿದ ಹಣ ಮಾತ್ರ ವಾಪಸ್ ಬರುವುದಿಲ್ಲ. ಹಾಗಾಗಿ ಸ್ವಲ್ಪ ಸ್ವಲ್ಪವೇ ತುಂಬಿಸಬೇಕು, ಅದಕ್ಕೆ ಕೈಯಲ್ಲಿ ಯೆನ್ ನಗದು ಇರಲಿ. ಟೋಕಿಯೊದಲ್ಲಿ ಸುಯಿಕಾ ತಾಗಿಸಿ ಒಳಹೋಗಿ ಸಾಮಾನ್ಯ ರೈಲುಗಳಲ್ಲಿ ಕ್ಯೋಟೊ ತಲುಪಿ ಅದನ್ನೇ ತಾಗಿಸಿ ಹೊರಬರುತ್ತೇನೆಂದರೆ ಗೇಟು ತೆರೆಯದು. ಕಾರ್ಡ್ ಎರಡೂ ಪ್ರದೇಶಗಳಲ್ಲಿ ಬೇರೆ ಬೇರೆಯಾಗಿ ನಡೆಯುತ್ತದೆಯೇ ಹೊರತು ಒಂದರಿಂದ ಇನ್ನೊಂದಕ್ಕೆ ದಾಟಿಸುವುದಿಲ್ಲ.

ಪ್ರಶ್ನೆ: ವಸ್ತುಸಂಗ್ರಹಾಲಯಗಳ ಪಾಸ್ ಕೊಂಡರೆ ಅದರಲ್ಲಿ ಮೆಟ್ರೊ ಕೂಡ ಸೇರಿರುತ್ತದೆಯೇ?

ಉತ್ತರ: ನಗರದಿಂದ ನಗರಕ್ಕೆ ಬೇರೆ. ಪ್ಯಾರಿಸ್ ಮ್ಯೂಸಿಯಂ ಪಾಸಿನಲ್ಲಿ ಸೇರಿಲ್ಲ. ರೈಲು ಮತ್ತು ಪ್ರವೇಶ ಎರಡನ್ನೂ ಕಟ್ಟಿಕೊಡುವ ಪಾಸ್‌ಗಳನ್ನು ಕೊಳ್ಳುವ ಮುನ್ನ, ರೈಲಿನ ಭಾಗದ ಬೆಲೆಯನ್ನು ಬೇರ್ಪಡಿಸಿ ನೋಡಬೇಕು. ಬೇರ್ಪಡಿಸಿ ಹೇಳಲು ಮಾರುವವರು ಒಪ್ಪದಿದ್ದರೆ ಎರಡನ್ನೂ ಬೇರೆ ಬೇರೆ ಕೊಳ್ಳುವುದೇ ಲೇಸು.

ಪ್ರಶ್ನೆ: ಪಾಸ್‌ಗಳನ್ನು ಇಲ್ಲಿಂದಲೇ ಫೋನಿನಲ್ಲಿ ಕೊಂಡು ಹೋಗಬಹುದೇ? ಸರದಿಯಲ್ಲಿ ನಿಲ್ಲುವುದು ತಪ್ಪಿದರೆ ಅಷ್ಟೇ ಸಾಕು.

ಉತ್ತರ: ಪ್ಯಾರಿಸ್‌ಗಾದರೆ ಹೌದು. ವಾರದ ನವಿಗೋ ಪಾಸನ್ನು ಅಲ್ಲಿನ ಅಧಿಕೃತ ಆ್ಯಪ್ ಮೂಲಕ ಫೋನಿಗೇ ತುಂಬಿಸಿಕೊಳ್ಳಬಹುದು. ಐಫೋನ್‌ಗಳಿಗೆ ಈ ಸೌಲಭ್ಯ 2024ರ ಮೇ ತಿಂಗಳಲ್ಲಿ ಬಂತು. ಹಾಗೆ ಕೊಂಡರೆ 5 ಯೂರೋ ಕಾರ್ಡೂ ಬೇಡ, ಭಾವಚಿತ್ರವೂ ಬೇಡ. ಒಂದು ಫೋನಿನಲ್ಲಿ ಒಬ್ಬರು ಮಾತ್ರ ಹೋಗಬಹುದಾದ್ದರಿಂದ ಫೋನಿಲ್ಲದ ಮಕ್ಕಳಿಗೆ ಕಾರ್ಡ್ ಕೊಳ್ಳಲೇಬೇಕು. ಲಂಡನ್‌ಗೆ ಮುಂಚಿತವಾಗಿ ಕೊಳ್ಳುವ ಅಗತ್ಯವೇ ಇಲ್ಲ. ಮಧ್ಯವರ್ತಿಗಳ ಜಾಲತಾಣಗಳಲ್ಲಿ ಪಾಸ್ ಕೊಳ್ಳುವುದನ್ನು ನಾನು ಸಲಹೆ ಮಾಡಲಾರೆ: ಅಲ್ಲಿ ಸಾಮಾನ್ಯವಾಗಿ ಮುಂದೆ ಜೋಡಿಸಿಟ್ಟಿರುವುದು ದುಬಾರಿ ಪಾಸ್‌ಗಳನ್ನೇ.

ಪ್ರಶ್ನೆ: ನ್ಯೂಯಾರ್ಕ್‌ನಲ್ಲಿ ಓದುತ್ತಿರುವ ಮಗಳನ್ನು ನೋಡಲು ಹೋಗುತ್ತಿದ್ದೇನೆ. ಅಲ್ಲಿಯೂ ಸೋಮವಾರದ ಕಟ್ಟುಪಾಡು ಉಂಟೇ?

ಉತ್ತರ: ಇಲ್ಲ. ಅಲ್ಲಿ ಏಳು ದಿನಗಳ ಎಣಿಕೆ ನೀವು ಮೊದಲ ಸಲ ಕಾರ್ಡ್ ತಾಗಿಸಿದಾಗಿನಿಂದ ಆರಂಭವಾಗುತ್ತದೆ. ಆ ಏಳು ದಿನದೊಳಗೆ ಒಂದೇ ಕಾರ್ಡಿನಲ್ಲಿ 12 ಪ್ರಯಾಣಕ್ಕೆ ಹಣ ಕೊಟ್ಟ ಮೇಲೆ ಸುರಂಗ ರೈಲೂ ನಗರದ ಸಾಮಾನ್ಯ ಬಸ್ಸುಗಳೂ ಉಚಿತ. ಮುಂಚಿತವಾಗಿ ಏನನ್ನೂ ಆರಿಸಬೇಕಾಗಿಲ್ಲ. ಹಳೆಯ ಹಳದಿ ಮೆಟ್ರೊಕಾರ್ಡಿನ ಮಾರಾಟ 2025ರ ಕೊನೆಗೆ ನಿಂತುಹೋಯಿತು. ಮಗಳ ಬಳಿ ಹಳೆಯದೊಂದು ಇದ್ದರೂ ಅದನ್ನು ನೆಚ್ಚಿಕೊಳ್ಳದೆ ನಿಮ್ಮದೇ ಬ್ಯಾಂಕ್ ಕಾರ್ಡನ್ನೋ ಅಲ್ಲಿ ಸಿಗುವ, ಗೇಟಿಗೆ ತಾಗಿಸುವ ಓಮ್ನಿ ಕಾರ್ಡನ್ನೋ ಬಳಸಿರಿ. ಜೆಎಫ್‌ಕೆ ವಿಮಾನ ನಿಲ್ದಾಣದಿಂದ ಸುರಂಗ ರೈಲಿನವರೆಗೆ ತಂದುಬಿಡುವ ಏರ್‌ಟ್ರೇನ್‌ಗೆ ಪ್ರತ್ಯೇಕ ಶುಲ್ಕವಿದೆ, ಅದು ಈ 12ರ ಲೆಕ್ಕಕ್ಕೆ ಬರುವುದಿಲ್ಲ.